ಸತ್ಯವೇದದ ಕಾವ್ಯದಲ್ಲಿ ಬೆಳ್ಳಿ, ರತ್ನ, ಮುತ್ತು

ಚಾರ್ಮಾಡಿ ಘಟ್ಟವನ್ನಿಳಿದು ಮಂಗಳೂರಿನ ಕಡೆಗೆ ಹೊರಟ ಪ್ರಯಾಣಿಕನಿಗೆ ಮೊದಮೊದಲು ಎದುರಾಗುವ ಊರುಗಳಲ್ಲಿ ಕಕ್ಕಿಂಜೆ ಒಂದು. ಬೆಳ್ತಂಗಡಿ ತಾಲ್ಲೂಕಿನ ಈ ಸೀಮೆಗೆ ಇಪ್ಪತ್ತನೆಯ ಶತಮಾನದಲ್ಲಿ ಕೇರಳದಿಂದ ಬಂದು ನೆಲಸಿದ ಸುರಿಯಾನಿ ಪರಂಪರೆಯ ಕ್ರೈಸ್ತ ಕುಟುಂಬಗಳು ಅನೇಕ. 1999ರಲ್ಲಿ ಬೆಳ್ತಂಗಡಿಯಲ್ಲಿ ಅವರ ಧರ್ಮಪ್ರಾಂತವೂ ಸ್ಥಾಪಿತವಾಯಿತು. ಪಶ್ಚಿಮಕ್ಕೆ ನಡೆದರೆ ಜೈನಕಾಶಿಯೆನಿಸಿದ ಮೂಡುಬಿದಿರೆ. ಅಲ್ಲಿಯ ಗುರುಬಸದಿಯಲ್ಲಿ ರತ್ನಗಳಲ್ಲಿ ಕಡೆದ ಜಿನಬಿಂಬಗಳುಂಟು. ರತ್ನವನ್ನು ಪರಮಾರ್ಥದ ಕುರುಹಾಗಿ ಕಂಡ ಎರಡು ಪರಂಪರೆಗಳು ಹೀಗೆ ನೆರೆಹೊರೆಯಾಗಿವೆ. ಇವೆರಡೂ ಒಂದೇ ಮಾತನ್ನು ಹೇಳುವುವೇ ಎಂಬುದು ಈ ಹೊತ್ತಿನ ವಿಚಾರ.

ಮೊದಲು ಇಬ್ರಿಯ ಕವಿಗಳನ್ನು ನೋಡೋಣ. ಯೋಬನ ಗ್ರಂಥದ 28ನೆಯ ಅಧ್ಯಾಯವು ಗಣಿಯ ವರ್ಣನೆಯಿಂದ ಆರಂಭವಾಗುವುದು. ಮನುಷ್ಯನು ಕತ್ತಲೆಯನ್ನು ಭೇದಿಸಿ, ಜನಸಂಚಾರವಿಲ್ಲದೆಡೆ ಬಾವಿ ತೋಡಿ, ಹಗ್ಗಕ್ಕೆ ಜೋತುಬಿದ್ದು ಲೋಹವನ್ನರಸುವನು. ಹದ್ದಿನ ಕಣ್ಣಿಗೂ ಕಾಣದ ಹಾದಿ ಅದು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿಹೋದರೂ ಆ ಪಾತಾಳದ ಕಥೆಗಳನ್ನು ಕೇಳಿ ಬೆಳೆದ ನಮಗೆ ಈ ಚಿತ್ರ ಅಪರಿಚಿತವಲ್ಲ. ಇಷ್ಟು ಸಾಹಸವನ್ನು ಕೊಂಡಾಡಿದ ಮೇಲೆ ಕವಿ ಥಟ್ಟನೆ ಕೇಳುವನು: ಜ್ಞಾನ ಸಿಕ್ಕುವುದು ಎಲ್ಲಿ? ಓಫೀರಿನ ಅಪರಂಜಿ, ನೀಲ, ಹವಳ, ಸ್ಫಟಿಕ ಎಲ್ಲವನ್ನೂ ತಕ್ಕಡಿಯಲ್ಲಿಟ್ಟು, ಒಂದೊಂದೂ ಸಾಲದೆಂದು ತೆಗೆದುಹಾಕುವನು. ಇಲ್ಲಿ ರತ್ನವು ಜ್ಞಾನದ ಉಪಮಾನವಲ್ಲ. ಜ್ಞಾನದೆದುರಿಗೆ ಸೋಲುವುದಕ್ಕಾಗಿಯೇ ಬಂದ ವಸ್ತು.

ಬೆಳ್ಳಿಯ ಮಾತು ಬೇರೆ. ಕೀರ್ತನೆಗಳಲ್ಲಿ ದೇವರ ನುಡಿಯು ಏಳು ಸಲ ಪುಟವಿಟ್ಟ ಬೆಳ್ಳಿ. ಮಲಾಕಿಯಲ್ಲಿ ದೇವರೇ ಕುಲುಮೆಯ ಮುಂದೆ ಕುಳಿತ ಅಕ್ಕಸಾಲಿಗ. ಬೆಳ್ಳಿ ಶುದ್ಧವಾಯಿತೆಂದು ಅಕ್ಕಸಾಲಿಗನಿಗೆ ತಿಳಿಯುವುದು ಅದರಲ್ಲಿ ತನ್ನ ಮುಖ ಕಂಡಾಗ ಎಂದು ಉಪದೇಶಕರು ಹೇಳುವುದುಂಟು. ಚೆಲುವಾದ ಕಥೆಯೇ ಸರಿ. ಆದರೆ ಅದು ಗ್ರಂಥದಲ್ಲಿಲ್ಲ. ಗ್ರಂಥದಲ್ಲಿರುವುದು ಬೆಂಕಿ, ಮತ್ತು ಎದ್ದುಹೋಗದೆ ಅದರ ಮುಂದೆ ಕುಳಿತಿರುವವನು.

ಇನ್ನು ಶಬ್ದಗಳ ಪ್ರಯಾಣ. ಇಬ್ರಿಯರ ಮಹಾಯಾಜಕನ ಎದೆಪದಕದಲ್ಲಿ ನಾಲ್ಕು ಸಾಲಾಗಿ ಹನ್ನೆರಡು ಕಲ್ಲುಗಳಿದ್ದುವು. ಅವುಗಳಲ್ಲೊಂದರ ಹೆಸರು ‘ಬಾರೆಕೆತ್’. ನಮ್ಮ ‘ಮರಕತ’ವು ಇದೇ ಸೆಮಿಟಿಕ್ ಮೂಲದಿಂದ ಬಂದುದೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಇದಕ್ಕೆ ಎದುರುಮುಖವಾಗಿ, ಪ್ರಕಟನೆಯ ಗ್ರಂಥದಲ್ಲಿ ಹೊಸ ಯೆರೂಸಲೇಮಿನ ಅಡಿಗಲ್ಲುಗಳಲ್ಲೊಂದಾದ ‘ಬೆರಿಲ್ಲಸ್’ ನಮ್ಮ ವೈಡೂರ್ಯದ ಪ್ರಾಕೃತ ರೂಪದಿಂದ ಗ್ರೀಕಿಗೆ ಹೋದುದು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಸತ್ಯವೇದವನ್ನು ಕನ್ನಡಿಸಿದಾಗಲೂ, ಬಳಿಕ ಮಂಗಳೂರಿನ ಬಾಸೆಲ್ ಮಿಷನ್ನಿನವರು ಅದನ್ನು ತಿದ್ದಿದಾಗಲೂ, ರತ್ನಗಳ ಹೆಸರಿಗಾಗಿ ಕನ್ನಡದಲ್ಲಿ ಬಡತನವಿರಲಿಲ್ಲ.

ತೊಡಕಿದ್ದುದು ಹೆಸರಿನಲ್ಲಲ್ಲ, ಹೆಸರು ಹೊತ್ತು ತರುವ ಭಾವದಲ್ಲಿ. ಮೂಡುಬಿದಿರೆಯ ನೆರೆಯವನಿಗೆ ರತ್ನವೆಂದರೆ ರತ್ನತ್ರಯ: ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರ. ಅಲ್ಲಿ ಗುಣವೇ ರತ್ನ. ಆ ಊರಿನ ಮಹಾಕವಿಯ ಹೆಸರೇ ರತ್ನಾಕರವರ್ಣಿ. ಇಂಥ ಕಿವಿಗೆ ಯೋಬನ ರತ್ನಗಳು ಸ್ತುತಿಯಂತೆ ಕೇಳಿಸಬಹುದು. ಇಬ್ರಿಯ ಕವಿಯ ಉದ್ದೇಶವೋ ನಿರಾಕರಣೆ. ಅನುವಾದ ಎಷ್ಟೇ ನಿರ್ದುಷ್ಟವಾಗಿದ್ದರೂ ಈ ಅಂತರವನ್ನು ಅದೊಂದೇ ತುಂಬಲಾರದೆಂದು ನನ್ನ ಅಭಿಪ್ರಾಯ.

ಆದರೆ ಮುತ್ತಿನ ವಿಷಯದಲ್ಲಿ ಈ ಅಂತರ ಕಿರಿದಾಗುವುದು. ಹಳೆಯ ಇಬ್ರಿಯ ಗ್ರಂಥಗಳಲ್ಲಿ ಮುತ್ತೆಂದು ನಿಸ್ಸಂದೇಹವಾಗಿ ಹೇಳಬಹುದಾದ ಶಬ್ದ ದುರ್ಲಭ; ‘ಪೆನಿನೀಮ್’ ಎಂಬುದನ್ನು ಕೆಲವರು ಮುತ್ತೆಂದರೆ ಕೆಲವರು ಹವಳವೆನ್ನುವರು. ಕ್ರಿಸ್ತಶಕದ ಮೊದಲ ಶತಮಾನಕ್ಕೆ ಬರುವ ಹೊತ್ತಿಗೆ ಮನ್ನಾರಿನ ಕಡಲ ಮುತ್ತುಗಳು ರೋಮಿನ ಸಂತೆಯನ್ನು ಸೇರಿದ್ದುವು. ಆಗಲೇ ಯೇಸುವಿನ ಸಾಮತಿಯಲ್ಲಿ, ಒಂದೇ ಮುತ್ತಿಗಾಗಿ ಸರ್ವಸ್ವವನ್ನೂ ಮಾರಿದ ವರ್ತಕ ಕಾಣಿಸಿಕೊಳ್ಳುವನು. ಇಲ್ಲಿ ಮುತ್ತು ಸೋಲುವುದಿಲ್ಲ. ಉಳಿದುದೆಲ್ಲವೂ ಅದಕ್ಕೆ ಸೋಲುವುದು.

ಕ್ರಿಸ್ತಶಕ 373ರಲ್ಲಿ ಎದೆಸ್ಸ ನಗರದಲ್ಲಿ ತೀರಿಕೊಂಡ ಸುರಿಯಾನಿ ಕವಿ ಸಂತ ಎಫ್ರೇಮನು ಈ ಮುತ್ತನ್ನೇ ಕುರಿತು ಐದು ಗೀತಗಳನ್ನು ರಚಿಸಿದನು. ಅಂಗೈಯಲ್ಲಿಟ್ಟುಕೊಂಡು ಸುತ್ತಲೂ ತಿರುಗಿಸಿ ನೋಡಿದರೆ, ಯಾವ ಕಡೆಯಿಂದಲೂ ಅದು ಕ್ರಿಸ್ತನ ಕುರುಹಾಗಿಯೇ ಅವನಿಗೆ ತೋರುವುದು. ಬಟ್ಟೆಯನ್ನು ಕಳಚಿ ಮುಳುಗುವ ಮುತ್ತುಗಾರನು ಧರ್ಮದೂತರ ಗುರುತು. ಮುತ್ತಿಗೆ ಕೊರೆದ ತೂತು ಶಿಲುಬೆಯ ಮೊಳೆಯ ಗುರುತು. ಸಿಂಪಿಗೆ ಮಿಂಚು ಹೊಡೆದು ಮುತ್ತು ಹುಟ್ಟುವುದೆಂಬ ಅಂದಿನ ನಂಬಿಕೆಯನ್ನು ಹಿಡಿದು, ಕನ್ನಿಕೆಯಾದ ಮರಿಯಳಲ್ಲಿ ಕ್ರಿಸ್ತನ ಜನನವನ್ನು ಅವನು ವಿವರಿಸುವನು.

ಸ್ವಾತಿಮಳೆಯ ಹನಿ ಸಿಂಪಿಯೊಳಗೆ ಬಿದ್ದು ಮುತ್ತಾಗುವುದೆಂದು ನಮ್ಮ ಕವಿಗಳೂ ಹೇಳುತ್ತ ಬಂದಿರುವರು. ಒಬ್ಬರದು ಮಿಂಚು, ಇನ್ನೊಬ್ಬರದು ಹನಿ. ಬರುವುದಂತೂ ಮೇಲಿನಿಂದಲೇ, ಕಡಲು ಹೊರುವುದಷ್ಟೆ. ಎಫ್ರೇಮನ ಗೀತಗಳನ್ನು ಕಕ್ಕಿಂಜೆಯ ಮಗುವೊಂದಕ್ಕೆ ಕನ್ನಡದಲ್ಲಿ ತಿಳಿಸಹೊರಟ ಉಪಾಧ್ಯಾಯನು ಈ ಒಂದೆಡೆಯಲ್ಲಿ ಟಿಪ್ಪಣಿಯ ನೆರವನ್ನು ಬೇಡಬೇಕಾಗಿಲ್ಲ.