ಅಳಿಸಿದ ಓಟ: ಇಂಡಿಯಾನಾಪೊಲಿಸ್, 1987

1987ರ ಮಾರ್ಚ್ 7ರಂದು ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಹೂಸಿಯರ್ ಡೋಮ್‌ನಲ್ಲಿ, ಮೊದಲನೆಯ ವಿಶ್ವ ಒಳಾಂಗಣ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಪುರುಷರ 60 ಮೀಟರ್ ಓಟದ ಅಂತಿಮ ಸ್ಪರ್ಧೆ ನಡೆಯಿತು. ಕೆನಡಾದ ಬೆನ್ ಜಾನ್ಸನ್ 6.41 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಅದು ವಿಶ್ವದಾಖಲೆ. ಅಮೆರಿಕದ ಲೀ ಮೆಕ್ರೇ 6.50 ಸೆಕೆಂಡುಗಳೊಂದಿಗೆ ಎರಡನೆಯವರಾದರು. ಅವರದೇ ದೇಶದ ಮಾರ್ಕ್ ವಿದರ್‌ಸ್ಪೂನ್ ಮೂರನೆಯವರು, ಇಟಲಿಯ ಪಿಯೆರ್‌ಫ್ರಾನ್ಚೆಸ್ಕೊ ಪಾವೊನಿ ನಾಲ್ಕನೆಯವರು.

ಇಂದು ಅದೇ ಕೂಟದ ಪದಕಪಟ್ಟಿ ತೆರೆದು ನೋಡಿದರೆ ಚಿನ್ನ ಮೆಕ್ರೇ ಅವರದು, ಬೆಳ್ಳಿ ವಿದರ್‌ಸ್ಪೂನ್ ಅವರದು, ಕಂಚು ಪಾವೊನಿಯವರದು. ಮುಂದೆ ಓಡಿ ಗೆದ್ದವರ ಹೆಸರು ಅಲ್ಲಿಲ್ಲ. ಆರೂವರೆ ಸೆಕೆಂಡಿನಲ್ಲಿ ಮುಗಿದ ಓಟದ ಫಲಿತಾಂಶ ಬದಲಾಗಲು ಎರಡೂವರೆ ವರ್ಷ ಹಿಡಿಯಿತು. ಸಾವಿರಾರು ಜನ ಕಣ್ಣಾರೆ ಕಂಡದ್ದನ್ನು ಹೀಗೆ ಅಳಿಸಿಹಾಕಬಹುದೆ? ಅಳಿಸಿದ ಮೇಲೆ ಉಳಿಯುವುದು ಏನು? ಚರಿತ್ರೆಯನ್ನು ಓದುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು.

ಮೊದಲು ಆ ಓಟದ ಬಗೆಗೆ ಎರಡು ಮಾತು. ಚಿತ್ರದುರ್ಗ, ಹೊಳಲ್ಕೆರೆಯ ಕಡೆಯ ವಿದ್ಯಾರ್ಥಿಗಳಿಗೆ 100, 200, 400 ಮೀಟರ್ ಓಟಗಳು ಶಾಲೆಯ ಕ್ರೀಡಾಕೂಟದಿಂದಲೇ ಪರಿಚಿತ. 60 ಮೀಟರ್ ಅಷ್ಟಾಗಿ ಪರಿಚಿತವಲ್ಲ. ಮಾಗಿಯ ಚಳಿಯಲ್ಲೂ ಬಯಲಿನಲ್ಲಿ ಓಡಬಹುದಾದ ನಾಡು ನಮ್ಮದು. ಹಿಮ ಬಿದ್ದು ಮೈದಾನ ಮುಚ್ಚಿಹೋಗುವ ದೇಶಗಳಲ್ಲಿ ಹಾಗಲ್ಲ. ಅಲ್ಲಿನ ಓಟಗಾರರು ಚಳಿಗಾಲದಲ್ಲಿ ಸೂರಿನಡಿಗೆ ಸರಿದರು. ಒಳಾಂಗಣದ ಸುತ್ತುಹಾದಿ ಸಾಮಾನ್ಯವಾಗಿ 200 ಮೀಟರ್. ಅದರ ನಡುವೆ 100 ಮೀಟರ್ ನೇರ ಹಾದಿ ಹಿಡಿಸುವುದು ಕಷ್ಟ. ಹಾಗಾಗಿ ವೇಗದ ಓಟ 60 ಮೀಟರಿಗೆ ಇಳಿಯಿತು. ಗುರಿ ದಾಟಿದ ಮೇಲೆ ನಿಧಾನಿಸಲು ಹೆಚ್ಚು ಜಾಗವಿಲ್ಲದ ಕಾರಣ ಎದುರಿಗೆ ಮೆತ್ತೆ ಹಾಕಿದ ಗೋಡೆ ಇರುತ್ತದೆ.

ಇದು 100 ಮೀಟರ್ ಓಟದ ಮೊಟಕು ರೂಪ ಮಾತ್ರವಲ್ಲ. ಓಟಗಾರ ತನ್ನ ಗರಿಷ್ಠ ವೇಗಕ್ಕೆ ಏರುವುದೇ ಸುಮಾರು 50-60 ಮೀಟರ್ ಹೊತ್ತಿಗೆ. ಬಯಲಿನ ಓಟದಲ್ಲಿ ಆ ವೇಗವನ್ನು ಕೊನೆಯವರೆಗೆ ಕಾಪಾಡಿಕೊಳ್ಳುವುದು ಒಂದು ವಿದ್ಯೆ. ಒಳಾಂಗಣದಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಆರಂಭದಲ್ಲಿ ಹಿಂದೆ ಬಿದ್ದವರಿಗೆ ಮತ್ತೆ ಮುಂದೆ ಬರಲು ಹಾದಿ ಉಳಿದಿರುವುದಿಲ್ಲ. ಗಾಳಿಯ ನೆಪವೂ ಇಲ್ಲ. ಬಯಲಿನಲ್ಲಿ ಬೆನ್ನಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ದಾಖಲೆ ಒಪ್ಪಿತವಾಗುವುದಿಲ್ಲ. ಸೂರಿನಡಿಯಲ್ಲಿ ಆ ಲೆಕ್ಕವೇ ಬೇಡ. ಅಳತೆಯ ದೃಷ್ಟಿಯಿಂದ ಇದಕ್ಕಿಂತ ಚೊಕ್ಕಟವಾದ ಓಟ ಸಿಗುವುದು ಅಪರೂಪ. ಜಾನ್ಸನ್ ಮತ್ತು ಮೆಕ್ರೇ ನಡುವಿನ 0.09 ಸೆಕೆಂಡ್ ಎಂದರೆ ಹೆಚ್ಚುಕಡಿಮೆ ಒಂದು ಮೀಟರ್. ಇಷ್ಟು ಚಿಕ್ಕ ಓಟದಲ್ಲಿ ಅದು ದೊಡ್ಡ ಅಂತರ.

ಜಾನ್ಸನ್ ಹುಟ್ಟಿದ್ದು 1961ರಲ್ಲಿ, ಜಮೈಕಾದ ಫಾಲ್ಮತ್‌ನಲ್ಲಿ. 1976ರಲ್ಲಿ ಕೆನಡಾಕ್ಕೆ ಬಂದರು. 1985ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ವಿಶ್ವ ಒಳಾಂಗಣ ಕ್ರೀಡಾಕೂಟದಲ್ಲಿ 60 ಮೀಟರ್ ಓಟವನ್ನು 6.62 ಸೆಕೆಂಡುಗಳಲ್ಲಿ ಗೆದ್ದರು. ಎರಡು ವರ್ಷಗಳಲ್ಲಿ ಅದು 6.41ಕ್ಕೆ ಇಳಿಯಿತು. ಇಂಡಿಯಾನಾಪೊಲಿಸ್ ಆದ ಸುಮಾರು ಆರು ತಿಂಗಳಿಗೆ ರೋಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 100 ಮೀಟರ್‌ಗೆ 9.83, ಮರುವರ್ಷದ ಸೆಪ್ಟೆಂಬರ್ 24ರಂದು ಸೋಲ್ ಒಲಿಂಪಿಕ್ಸ್‌ನಲ್ಲಿ 9.79. ಮೂರು ದಿನಗಳ ನಂತರ ಆ ಪದಕ ಹೋಯಿತು. ಮೂತ್ರದ ಪರೀಕ್ಷೆಯಲ್ಲಿ ಸ್ಟನೊಜೊಲಾಲ್ ಎಂಬ ಸ್ಟಿರಾಯ್ಡ್ ಪತ್ತೆಯಾಗಿತ್ತು. ಚಿನ್ನ ಕಾರ್ಲ್ ಲೂಯಿಸ್ ಪಾಲಾಯಿತು.

ಇಲ್ಲಿಯವರೆಗಿನ ಕಥೆ ಎಲ್ಲರಿಗೂ ಗೊತ್ತು. ಇಂಡಿಯಾನಾಪೊಲಿಸ್ ಕಥೆ ಬೇರೆ. ಸೋಲ್ ಪದಕವನ್ನು ಕಿತ್ತುಕೊಂಡದ್ದು ಪ್ರಯೋಗಾಲಯ, 6.41 ಅನ್ನು ಅಳಿಸಿದ್ದು ಜಾನ್ಸನ್ನರ ಮಾತು. ಕೆನಡಾ ಸರ್ಕಾರ ನ್ಯಾಯಮೂರ್ತಿ ಚಾರ್ಲ್ಸ್ ಡುಬಿನ್ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗ ನೇಮಿಸಿತು. 1989ರಲ್ಲಿ ಅದರ ಮುಂದೆ ತರಬೇತುದಾರ ಚಾರ್ಲಿ ಫ್ರಾನ್ಸಿಸ್ ಸಾಕ್ಷ್ಯ ನುಡಿದರು, ವೈದ್ಯ ಜೇಮಿ ಆಸ್ಟಫನ್ ನುಡಿದರು, ಕೊನೆಗೆ ಜಾನ್ಸನ್ನರೇ ಬಂದು 1981ರಿಂದ ಉದ್ದೀಪನ ಮದ್ದು ಬಳಸುತ್ತಿದ್ದುದನ್ನು ಒಪ್ಪಿಕೊಂಡರು. ಆ ವರ್ಷದ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ, ಹೀಗೆ ತಪ್ಪೊಪ್ಪಿಕೊಂಡವರ ದಾಖಲೆಗಳನ್ನು ಹಿಂದಿನಿಂದಲೇ ರದ್ದುಪಡಿಸಬಹುದೆಂದು ತೀರ್ಮಾನಿಸಿತು. ರೋಮ್‌ನ 9.83 ಹೋಯಿತು. ಇಂಡಿಯಾನಾಪೊಲಿಸ್‌ನ 6.41 ಕೂಡ ಹೋಯಿತು. ನಿಜ ನುಡಿದದ್ದಕ್ಕೇ ದಾಖಲೆ ಹೋದದ್ದು ಎಂಬುದು ಇಲ್ಲಿನ ವಿಚಿತ್ರ. ಬಾಯಿ ಬಿಡದೆ ಉಳಿದವರ ದಾಖಲೆಗಳನ್ನು ಈ ನಿಯಮ ಮುಟ್ಟಲಾರದು.

ಅಳಿಸಿದ ಅಂಕಿಯ ಮುಂದಿನ ಬಾಳೂ ವಿಚಿತ್ರವೇ. 6.41 ಇಲ್ಲವಾದ ಕೂಡಲೇ ಅದರ ಹಿಂದೆ ಬಂದಿದ್ದ 6.50 ವಿಶ್ವದಾಖಲೆಯ ಸಾಲಿಗೆ ಬಂತು. ಓಡಿದ ದಿನ ಸೋತ ಓಟವಾಗಿದ್ದದ್ದು ವರ್ಷಗಳ ಮೇಲೆ ಜಗತ್ತಿನ ಅತಿ ವೇಗದ ಓಟವಾಯಿತು. 1991ರಲ್ಲಿ ಲೆರಾಯ್ ಬರೆಲ್ ಅದನ್ನು 6.48ಕ್ಕೆ ಇಳಿಸಿದರು. 1992ರಲ್ಲಿ ಮ್ಯಾಡ್ರಿಡ್‌ನಲ್ಲಿ ಆಂಡ್ರೆ ಕೇಸನ್ ಓಡಿದ ಹೊತ್ತು 6.41. ದಾಖಲೆ ಪುಸ್ತಕ ಐದು ವರ್ಷಗಳ ನಂತರ ಅಳಿಸಿದ ಅಂಕಿಗೇ ಬಂದು ನಿಂತಿತು. ಆ ಬಳಿಕ ಮಾರಿಸ್ ಗ್ರೀನ್ 6.39 ಓಡಿದರು, 2018ರಲ್ಲಿ ಕ್ರಿಶ್ಚಿಯನ್ ಕೋಲ್ಮನ್ 6.34 ಓಡಿದರು. ಆದರೂ 6.41 ಮರೆಯಾಗಲಿಲ್ಲ. 2022ರಲ್ಲಿ ಬೆಲ್‌ಗ್ರೇಡ್‌ನ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್‌ನಲ್ಲಿ ಇಟಲಿಯ ಮಾರ್ಸೆಲ್ ಜೇಕಬ್ಸ್ ಮತ್ತು ಕೋಲ್ಮನ್ ಇಬ್ಬರೂ 6.41ರಲ್ಲೇ ಗುರಿ ಮುಟ್ಟಿದರು. ಸೆಕೆಂಡಿನ ಸಾವಿರದ ಮೂರು ಭಾಗದಷ್ಟು ವ್ಯತ್ಯಾಸದಿಂದ ಚಿನ್ನ ಜೇಕಬ್ಸ್ ಪಾಲಾಯಿತು. 2024ರಲ್ಲಿ ಗ್ಲಾಸ್ಗೋದಲ್ಲಿ ಕೋಲ್ಮನ್ ಗೆದ್ದದ್ದೂ 6.41ರಲ್ಲೇ.

ಅಂಕಿ ಒಂದೇ; ಒಂದು ಕಡೆ ಅದು ದಾಖಲೆ, ಇನ್ನೊಂದು ಕಡೆ ಏನೂ ಅಲ್ಲ. ಅಂದರೆ ಅಂಕಿಯೇ ದಾಖಲೆಯಲ್ಲ. ಇದನ್ನು ನಮ್ಮ ನಾಡೂ ಒಮ್ಮೆ ಕಂಡಿದೆ. 2020ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಭಾಗಿಸಿ ನೋಡಿ 100 ಮೀಟರಿಗೆ 9.55 ಎಂದರು, ಬೋಲ್ಟ್ ಅವರನ್ನೇ ಮೀರಿದ ಕನ್ನಡಿಗ ಎಂದು ದೇಶವೆಲ್ಲ ಸುದ್ದಿಯಾಯಿತು. ಗೌಡರು ಮಾತ್ರ ಕಂಬಳದ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಎಂದರು. ಆ ವಿವೇಕ ದೊಡ್ಡದು. ಯಾವ ನೆಲ, ಯಾವ ಗಡಿಯಾರ, ಯಾರು ಎಳೆದರು, ಯಾವ ನಿಯಮಕ್ಕೆ ಒಪ್ಪಿ ಓಡಿದರು ಎಂಬುದೆಲ್ಲ ಸೇರಿದರೆ ಮಾತ್ರ ಅಂಕಿಗೆ ಅರ್ಥ.

ಶಾಸನ ಓದುವವರಿಗೆ ಈ ತೊಡಕು ಹೊಸದಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಕೆರೆಯ ಸಂಗತಿ ಹೇಳುವ ಪ್ರಾಕೃತ ಬಂಡೆ ಶಾಸನವಿದೆ. ಎಂ.ಎಚ್. ಕೃಷ್ಣ ಅವರು 1929ರ ಸುಮಾರಿಗೆ ಅದನ್ನು ಓದಿದಾಗ ತ್ರೈಕೂಟ, ಆಭೀರ, ಪಲ್ಲವ, ಪುನ್ನಾಟ, ಮೌಖರಿ ಮೊದಲಾದ ಸೋತವರ ದೊಡ್ಡ ಪಟ್ಟಿಯೇ ಕಂಡಿತು. ಆ ಓದನ್ನು ಮುಂದಿನ ವಿದ್ವಾಂಸರಲ್ಲಿ ಹಲವರು ಪ್ರಶ್ನಿಸಿದರು. ಗಂಗರ ಎಷ್ಟೋ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದರು; ಬಿ.ಎಲ್. ರೈಸ್ ಅವುಗಳ ಪರ ನಿಂತರು. ಆದರೆ ಕೂಟಶಾಸನವೆಂದು ತೀರ್ಮಾನವಾದ ತಾಮ್ರಪಟವನ್ನು ಯಾವ ಇತಿಹಾಸಕಾರನೂ ಕರಗಿಸಿ ಹಾಕುವುದಿಲ್ಲ. ಅದರಲ್ಲಿ ಹೇಳಿದ ದಾನ ಸುಳ್ಳಾಗಿರಬಹುದು. ಆ ಸುಳ್ಳು ಯಾರಿಗೆ ಬೇಕಾಗಿತ್ತು, ಯಾಕೆ ಬೇಕಾಗಿತ್ತು ಎಂಬುದು ಮಾತ್ರ ಆ ಕಾಲದ ನಿಜವೇ.

ಅಳಿಸಿದ 6.41 ಅನ್ನೂ ಹೀಗೆಯೇ ಓದಬೇಕು. ಪದಕಪಟ್ಟಿಯಿಂದ ಅದನ್ನು ತೆಗೆದದ್ದು ನ್ಯಾಯವೇ. ಜೊತೆಗೆ ಓಡಿದವರಿಗೆ ಅಷ್ಟನ್ನಾದರೂ ಮಾಡಲೇಬೇಕಿತ್ತು. ಅದೂ ಪೂರ್ತಿ ನ್ಯಾಯವಲ್ಲ. ಆ ದಿನದ ಎತ್ತರದ ಮೆಟ್ಟಿಲು, ನಾಡಗೀತೆ, ಚಪ್ಪಾಳೆ ಮೆಕ್ರೇಗೆ ಸಿಗಲಿಲ್ಲ. ನಾಲ್ಕನೆಯವರಾಗಿ ಬರಿಗೈಯಲ್ಲಿ ಮನೆಗೆ ಹೋದ ಪಾವೊನಿಗೆ ಕಂಚಿನ ಸುದ್ದಿ ಮುಟ್ಟುವ ಹೊತ್ತಿಗೆ ಹೊಸ ದಶಕವೇ ಎದುರಿಗಿತ್ತು.

ಆದರೆ ಪಟ್ಟಿಯಿಂದ ತೆಗೆದದ್ದನ್ನು ಚರಿತ್ರೆಯಿಂದಲೂ ತೆಗೆದರೆ ಇನ್ನೊಂದು ಅನ್ಯಾಯವಾಗುತ್ತದೆ. 1990ರಲ್ಲಿ ಹೊರಬಂದ ಡುಬಿನ್ ವರದಿ ಒಬ್ಬ ಓಟಗಾರನನ್ನು ದೂರಿ ಸುಮ್ಮನಾಗಲಿಲ್ಲ. ಸ್ಪರ್ಧೆಯ ದಿನ ಮಾತ್ರ ಮಾಡುವ ಪರೀಕ್ಷೆಯಿಂದ ತರಬೇತಿಯ ಕಾಲದ ಮದ್ದು ಸಿಕ್ಕಿಬೀಳುವುದಿಲ್ಲವೆಂದು ಅದು ಹೇಳಿತು. ಮೋಸದ ಸುಳಿವಿದ್ದೂ ತಡೆಯದ ಕ್ರೀಡಾ ಸಂಸ್ಥೆಗಳನ್ನು ಹೊಣೆ ಮಾಡಿತು. ಇಂಡಿಯಾನಾಪೊಲಿಸ್‌ನಲ್ಲಿ ಜಾನ್ಸನ್ ಒಬ್ಬರೇ ಓಡಲಿಲ್ಲ. ಅವರ ಹಿಂದೆ ತರಬೇತುದಾರರಿದ್ದರು, ವೈದ್ಯರಿದ್ದರು, ಪದಕ ಎಣಿಸುವ ಅಧಿಕಾರಿಗಳಿದ್ದರು, ಅಂಕಿ ಇಳಿದಷ್ಟೂ ಹಿಗ್ಗುವ ನೋಡುಗರಿದ್ದರು. ಪಟ್ಟಿಯಿಂದ ಹೋದದ್ದು ಒಂದೇ ಹೆಸರು. ಉಳಿದವರ ಹೆಸರು ಆ ಪಟ್ಟಿಯಲ್ಲಿ ಎಂದೂ ಇರಲಿಲ್ಲ, ಆದ್ದರಿಂದ ಅಳಿಸುವ ಪ್ರಶ್ನೆಯೂ ಬರಲಿಲ್ಲ. ಅವರ ಲೆಕ್ಕ ಸಿಗುವುದು ಚರಿತ್ರೆಯಲ್ಲಿ ಮಾತ್ರ. ಆ ಲೆಕ್ಕ ಬೇಕಾದರೆ 6.41 ಅಲ್ಲಿ ಉಳಿಯಲೇಬೇಕು.