ಮಗುವಿನ ತಟ್ಟೆ, ಯಾರ ಮೊಬೈಲು?

ಹಣ್ಣು, ತರಕಾರಿಗೆ ಹಸಿರು: ಬೇಕಾದಷ್ಟು ತಿನ್ನಬಹುದು. ಹಳದಿ ಬಣ್ಣದವನ್ನು ಅಳತೆ ನೋಡಿ ತಿನ್ನಬೇಕು. ಮಿಠಾಯಿ, ಸೋಡಾಕ್ಕೆ ಕೆಂಪು: ಅಪರೂಪಕ್ಕೆ ಮಾತ್ರ. ಬೊಜ್ಜಿರುವ ಮಕ್ಕಳ ಊಟದ ರೂಢಿ ತಿದ್ದಲು ಅಮೆರಿಕದ ಮನೋವಿಜ್ಞಾನಿ ಲೆನಾರ್ಡ್ ಎಪ್‌ಸ್ಟೀನ್ ಈ ಟ್ರಾಫಿಕ್ ಲೈಟ್ ಪದ್ಧತಿಯನ್ನು ಬೆಳೆಸಿದರು. ಅದೇ ಮುಂದೆ ‘ಕರ್ಬೊ’ ಆ್ಯಪಿಗೆ ಆಧಾರವಾಯಿತು. 2018ರಲ್ಲಿ ‘ವೇಟ್ ವಾಚರ್ಸ್’ ಕಂಪನಿ ಆ್ಯಪನ್ನು ಕೊಂಡು, ಮರುವರ್ಷ ಆಗಸ್ಟ್‌ನಲ್ಲಿ 8ರಿಂದ 17 ವರ್ಷದವರಿಗಾಗಿ ಹೊಸ ರೂಪದಲ್ಲಿ ಹೊರತಂದಿತು. ಎಂಟು ವರ್ಷದ ಮಗು ತಿಂದದ್ದನ್ನೆಲ್ಲ ಬರೆದು ಬಣ್ಣದ ಲೆಕ್ಕ ಇಡತೊಡಗಿದರೆ ಅದಕ್ಕೆ ಊಟದ ಭಯ ಹತ್ತಬಹುದೆಂದು ಆಹಾರಸೇವನೆಯ ಅಸ್ವಸ್ಥತೆಗಳ ತಜ್ಞರು ಕೂಡಲೇ ಎಚ್ಚರಿಸಿದರು.

ಈ ಆತಂಕ ಗಂಭೀರವಾದದ್ದು. ಎಪ್‌ಸ್ಟೀನರ ಮೂಲ ಚಿಕಿತ್ಸೆಯಲ್ಲಿ ಬಣ್ಣಗಳಷ್ಟೇ ಇರಲಿಲ್ಲ, ಹೆತ್ತವರೂ ಇದ್ದರು. ಅವರ ತಂಡ 1990ರಲ್ಲಿ ಪ್ರಕಟಿಸಿದ ಹತ್ತು ವರ್ಷಗಳ ಅಧ್ಯಯನವನ್ನೇ ನೋಡಬಹುದು. ಹೆತ್ತವರೂ ಮಗುವೂ ಜೊತೆಯಾಗಿ ರೂಢಿ ಬದಲಿಸಿಕೊಂಡ ಗುಂಪಿನಲ್ಲಿ ಅಧಿಕ ತೂಕದ ಪ್ರಮಾಣ ಶೇ 7.5ರಷ್ಟು ಇಳಿದಿತ್ತು. ಮಗುವೊಂದನ್ನೇ ಗುರಿಯಾಗಿಸಿದ ಗುಂಪಿನಲ್ಲಿ ಶೇ 4.5ರಷ್ಟು ಏರಿತ್ತು. ಸಾಮಾನು ತರುವವರು, ಬಡಿಸುವವರು ದೊಡ್ಡವರು; ಮಗುವಿನ ಕೈಗೆ ಲೆಕ್ಕದ ಪುಸ್ತಕ ಮಾತ್ರ ಕೊಟ್ಟರೆ ಅಡುಗೆಮನೆ ಬದಲಾಗುವುದು ಹೇಗೆ?

ಕರ್ಬೊ ಕಾನೂನಿನ ಇಕ್ಕಟ್ಟಿಗೆ ಸಿಕ್ಕಿದ್ದು ಬೇರೆ ಕಾರಣಕ್ಕೆ. 13 ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ ಆರೋಪದ ಮೇಲೆ ಕಂಪನಿ 2022ರಲ್ಲಿ 15 ಲಕ್ಷ ಡಾಲರ್ ದಂಡ ತೆರಲು ಒಪ್ಪಿತು. ಆ ಮಾಹಿತಿಯನ್ನೂ ಅದರಿಂದ ಕಟ್ಟಿದ ಅಲ್ಗಾರಿದಮ್‌ಗಳನ್ನೂ ಅಳಿಸಬೇಕಾಯಿತು. ಅದೇ ವರ್ಷ ಆ್ಯಪ್ ಮುಚ್ಚಿತು. ಇಲ್ಲೂ ಲೆಕ್ಕದಿಂದ ಹೊರಗುಳಿದವರು ಹೆತ್ತವರೇ.

ಸ್ವೀಡನ್ ಹಿಡಿದ ದಾರಿ ಬೇರೆ. ಅಲ್ಲಿನ ‘ಮಿನಿಸ್ಟಾಪ್ 2.0’ ಬೊಜ್ಜು ಬರುವ ಮೊದಲೇ ತಡೆಯಲು ರೂಪಿಸಿದ್ದು. ಆ್ಯಪ್ ಇರುವುದು ಅಪ್ಪ ಅಮ್ಮಂದಿರ ಮೊಬೈಲಿನಲ್ಲಿ. ಶಿಶು ಆರೋಗ್ಯ ಕೇಂದ್ರಗಳ ದಾದಿಯರ ಮೂಲಕ, ಎರಡೂವರೆಯಿಂದ ಮೂರು ವರ್ಷದ 552 ಮಕ್ಕಳ ಕುಟುಂಬಗಳಲ್ಲಿ ಇದರ ಪ್ರಯೋಗ ನಡೆಯಿತು. ಆರು ತಿಂಗಳ ಕೊನೆಗೆ ಆ್ಯಪ್ ಬಳಸಿದ ಮನೆಗಳ ಮಕ್ಕಳು ಇತರರಿಗಿಂತ ದಿನಕ್ಕೆ ಸುಮಾರು 7 ಗ್ರಾಂ ಸಿಹಿ, ಕುರುಕಲು ತಿಂಡಿಯನ್ನೂ, ಸುಮಾರು 30 ಗ್ರಾಂ ಸಿಹಿ ಪಾನೀಯವನ್ನೂ ಕಡಿಮೆ ಸೇವಿಸುತ್ತಿದ್ದರು. ದೇಹದ ದ್ರವ್ಯರಾಶಿ ಸೂಚ್ಯಂಕದಲ್ಲಿ (ಬಿಎಂಐ) ಮಾತ್ರ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಕೆಲವರಿಗೆ ಇದು ಸಣ್ಣ ಫಲವೆನಿಸೀತು. ಆದರೆ ಮಗುವಿಗೆ ಒಳ್ಳೆಯ ಊಟದ ರೂಢಿ ಮಾಡಿಸಬಲ್ಲೆವೆಂಬ ಹೆತ್ತವರ ವಿಶ್ವಾಸವೂ ಅಲ್ಲಿ ಹೆಚ್ಚಿತ್ತು. ಎಪ್‌ಸ್ಟೀನರ ಅಂಕಿಗಳ ಪಕ್ಕದಲ್ಲಿಟ್ಟರೆ ಅದರ ತೂಕ ತಿಳಿಯುತ್ತದೆ. ಈ ಆ್ಯಪ್ ಸ್ವೀಡಿಷ್ ಜೊತೆಗೆ ಇಂಗ್ಲಿಷ್, ಅರಬ್ಬಿ, ಸೊಮಾಲಿ ಭಾಷೆಗಳಲ್ಲೂ ಇತ್ತು. ವಲಸೆ ಬಂದ ತಾಯಿ ತನ್ನ ಮಾತಿನಲ್ಲೇ ಓದಿ, ಅಂದಿನ ಅಡುಗೆಗೆ ತೊಡಗಬಹುದಿತ್ತು.