41 ತಿಂಗಳ ಸಂಬಳ

ಒಂದನೇ ತಾರೀಕು ಮಧ್ಯಾಹ್ನವಾದರೂ ಸಂಬಳದ ಮೆಸೇಜ್ ಬರದಿದ್ದರೆ ಎಚ್‌ಆರ್‌ಗೆ ಫೋನ್ ಹಚ್ಚೋ ಪೈಕಿ ನಾನು. ಅದಕ್ಕೇ ಏನೋ, ಸಂಬಳಕ್ಕಾಗಿ 70 ವರ್ಷ ಕಾದವರ ಕಥೆ ಓದಿದ ಮೇಲೆ ಅದು ತಲೆಯಿಂದ ಹೋಗ್ತಾನೇ ಇಲ್ಲ.

ಇಂದಿನ ಇಂಡೋನೇಷ್ಯಾ ಆಗ ಡಚ್ಚರ ವಸಾಹತು. 1942ರ ಮಾರ್ಚ್‌ನಲ್ಲಿ ಅದು ಜಪಾನಿನ ಕೈಗೆ ಬಿತ್ತು. ಅಲ್ಲಿನ ಸರ್ಕಾರದ ಎಷ್ಟೋ ಡಚ್ ನೌಕರರು ಬಂಧನ ಶಿಬಿರ ಸೇರಿದರು. ವಸಾಹತು ಸೇನೆಯ ಸೈನಿಕರು ಯುದ್ಧಕೈದಿಗಳಾದರು. ಅವರಲ್ಲಿ ಹಲವರನ್ನು ಬರ್ಮಾ ರೈಲುಮಾರ್ಗದ ಕೆಲಸಕ್ಕೆ ಒಯ್ದರು. 1945ರ ಆಗಸ್ಟ್ 15ಕ್ಕೆ ಜಪಾನ್ ಶರಣಾಯಿತು. ಬದುಕಿ ಬಂದವರು ಕೇಳಿದ್ದು ಇಷ್ಟೇ: ನಾವು ರಾಜೀನಾಮೆ ಕೊಟ್ಟಿಲ್ಲ, ನೀವೂ ತೆಗೆದುಹಾಕಿಲ್ಲ. ಹಾಗಾದ್ರೆ 41 ತಿಂಗಳ ಸಂಬಳ ಎಲ್ಲಿ?

ಡಚ್ ನೌಕಾಪಡೆಯವರಿಗೆ ಬಾಕಿ ಸಿಕ್ಕಿತು. ಯಾಕಂದ್ರೆ ಅವರಿಗೆ ಸಂಬಳ ಕೊಡುತ್ತಿದ್ದದ್ದು ನೆದರ್‌ಲೆಂಡ್ಸ್ ಸರ್ಕಾರ. ವಸಾಹತು ಸೇನೆಯವರಿಗೆ ಮತ್ತು ನೌಕರರಿಗೆ ಕೊಡಬೇಕಿದ್ದದ್ದು ಬಟಾವಿಯಾದ ವಸಾಹತು ಸರ್ಕಾರ, ಅದು ಕೊಡಲಿಲ್ಲ. ಒಂದೇ ಸೆರೆ, ಒಂದೇ ಹಸಿವು, ಸಂಬಳದ ಚೀಟಿ ಮಾತ್ರ ಬೇರೆ.

1949ರ ಡಿಸೆಂಬರ್‌ನಲ್ಲಿ ಅಧಿಕಾರ ಇಂಡೋನೇಷ್ಯಾಕ್ಕೆ ಹಸ್ತಾಂತರವಾಯಿತು. ವಸಾಹತಿನ ಸಾಲಗಳೂ ಅದರ ಜೊತೆಗೇ ಹೋದವು ಅಂತ ಹೇಗ್‌ನಲ್ಲಿದ್ದ ಡಚ್ ಸರ್ಕಾರ ಕೈತೊಳೆದುಕೊಂಡಿತು. ಕಂಪನಿ ಮಾರಿ ಆಯ್ತು, ಹಳೇ ಬಾಕಿ ಹೊಸ ಮಾಲೀಕರನ್ನ ಕೇಳಿ ಅನ್ನೋ ಥರ. ಡಚ್ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆದರೆ ಆಗತಾನೇ ಹೋರಾಡಿ ಸ್ವತಂತ್ರವಾದ ದೇಶ, ತನ್ನನ್ನು ಆಳಿದವರ ನೌಕರರಿಗೆ ಯಾಕಾದರೂ ಸಂಬಳ ಕೊಡಬೇಕು?

1981ರಲ್ಲಿ ಶಿಬಿರದಲ್ಲಿದ್ದವರಿಗೆ 7,500 ಗಿಲ್ಡರ್‌ಗಳ ಒಂದು ಪರಿಹಾರ ಬಂತು. ಅದನ್ನು ಸಂಬಳ ಅಂತ ಕರೆಯಲಿಲ್ಲ. ಕೊನೆಗೆ 2015ರಲ್ಲಿ ತಲಾ 25,000 ಯೂರೋ ಕೊಡಲು ಸರ್ಕಾರ ಒಪ್ಪಿತು. ಒಂದು ಷರತ್ತು: ಆ ವರ್ಷದ ಆಗಸ್ಟ್ 15ರಂದು ನೌಕರ ಬದುಕಿರಬೇಕು. 1942ರಲ್ಲಿ 20 ವರ್ಷದವನಾಗಿದ್ದವನಿಗೆ ಆಗ 93! ಅದಕ್ಕೂ ಮೊದಲೇ ತೀರಿಕೊಂಡವರ ಮನೆಯವರಿಗೆ ಆ ಯೋಜನೆಯಲ್ಲಿ ಏನೂ ಇರಲಿಲ್ಲ.

ವಸಾಹತು ಆಡಳಿತದ ಬಗ್ಗೆ ನನಗೆ ಮರುಕವಿಲ್ಲ. ಆದರೆ ಈ ಲೆಕ್ಕ ಮಾತ್ರ ಚುಚ್ಚುತ್ತೆ. ಕೊಡಲ್ಲ ಅಂದರೆ ಜಗಳ ಆಗುತ್ತೆ. ಸುಮ್ಮನೆ ತಡ ಮಾಡಿದರೆ ಸಾಕು, ಕೇಳುವವರೇ ವರ್ಷವರ್ಷ ಕಮ್ಮಿಯಾಗ್ತಾ ಹೋಗ್ತಾರೆ.